ಕೈಯಿಂದ ಓದುವವರು

ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಎಲ್ಲಿಯೂ ನೋಡದೆ, ಬರೀ ನೆನಪಿನಿಂದ ಸ್ಪೈಡರ್‌ಮ್ಯಾನ್‌ನ ಮುಖವಾಡ ಬರೆಯಿರಿ. ನೂರಾರು ಸಲ ಕಂಡ ಮುಖವೇ: ಕೆಂಪು ಬಣ್ಣ, ದೊಡ್ಡ ಬಿಳಿ ಕಣ್ಣು, ಮುಖದ ತುಂಬ ಜೇಡರ ಬಲೆ. ಮೊಟ್ಟೆಯಾಕಾರ ಎಳೆದು ಕಣ್ಣು ಕೂರಿಸುವವರೆಗೂ ಕೈ ಸಲೀಸಾಗಿ ಓಡುತ್ತದೆ. ಆಮೇಲೆ ನಿಂತುಬಿಡುತ್ತದೆ. ಬಲೆಯ ಎಳೆಗಳು ಹೊರಡುವುದು ಎಲ್ಲಿಂದ? ಹಣೆಯಿಂದಲೋ, ಮೂಗಿನ ತುದಿಯಿಂದಲೋ? ಅಡ್ಡ ಎಳೆಗಳು ಯಾವ ಕಡೆಗೆ ಬಾಗುತ್ತವೆ?

ನಾನು ಮೊದಲ ಸಲ ಬರೆಯಲು ಕೂತಾಗ ಇದರಲ್ಲಿ ಒಂದು ಪ್ರಶ್ನೆಗೂ ನನ್ನ ಬಳಿ ಉತ್ತರವಿರಲಿಲ್ಲ. ಕಾಮಿಕ್ಸ್ ತೆಗೆದು ನೋಡಿದೆ. ಎಳೆಗಳೆಲ್ಲ ಎರಡು ಕಣ್ಣುಗಳ ನಡುವಿನ ಒಂದೇ ಬಿಂದುವಿನಿಂದ ಕಿರಣಗಳ ಹಾಗೆ ಹೊರಡುತ್ತವೆ. ಅಡ್ಡ ಎಳೆಗಳು ಆ ಬಿಂದುವಿನ ಕಡೆಗೇ ಜೋಲುತ್ತವೆ. ಹಾಗಾಗಿ ಅವನು ಯಾವ ಕಡೆ ತಲೆ ತಿರುಗಿಸಿದರೂ ನಮ್ಮ ದೃಷ್ಟಿ ತಾನಾಗಿ ಅವನ ಕಣ್ಣಿಗೇ ಹೋಗಿ ಸೇರುತ್ತದೆ. ಬಾಯಿ ಕಾಣದ ಪಾತ್ರವೊಂದು ಇಷ್ಟು ಮಾತಾಡುವುದು ಹೇಗೆ ಎಂಬುದು ಆ ದಿನ ಹೊಳೆಯಿತು. ಕಣ್ಣಿನ ಆಕಾರ, ಭುಜದ ಬಾಗು, ಬೆರಳುಗಳ ಚೂಪು, ಇಷ್ಟರಲ್ಲೇ ಅವನ ಭಯ, ತುಂಟತನ, ದಣಿವು ಎಲ್ಲ ಬರಬೇಕು. 1962ರಲ್ಲಿ ಸ್ಟೀವ್ ಡಿಟ್ಕೋ ಕಟ್ಟಿದ ಆ ವೇಷವನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಓದಿದ್ದು ಮಾತ್ರ ಅಂದೇ.

ಫ್ಯಾನ್ ಆರ್ಟ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಆ ಹಾಳೆಯಿಂದಲೇ ಶುರು ಮಾಡುತ್ತೇನೆ. ಬೇರೆಯವರು ಸೃಷ್ಟಿಸಿದ ಪಾತ್ರವನ್ನೋ ಲೋಕವನ್ನೋ ಅಭಿಮಾನಿಯೊಬ್ಬರು ತಮ್ಮ ಕೈಯಿಂದ ಮತ್ತೆ ಚಿತ್ರಿಸುವುದು, ಇದು ಅದರ ಸರಳ ಅರ್ಥ. ಕಾಮಿಕ್ಸ್, ಅನಿಮೆ ಎಂಬ ಜಪಾನಿ ಅನಿಮೇಷನ್, ವಿಡಿಯೊ ಗೇಮ್, ಕಾದಂಬರಿ, ಧಾರಾವಾಹಿ, ಮೂಲ ಯಾವುದಾದರೂ ಆಗಬಹುದು. ಇದನ್ನು ನಕಲು ಎಂದು ತಳ್ಳಿಹಾಕುವವರು ಇದ್ದಾರೆ. ನನ್ನ ಅನುಭವ ಬೇರೆ ಹೇಳುತ್ತದೆ. ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಕ್ರಿಯಾಪದ ಒಂದೇ. ಚಿತ್ರ ಬರೆಯುತ್ತಲೇ ಓದುವ ಒಂದು ಬಗೆಯೂ ಇದೆ. ಫ್ಯಾನ್ ಆರ್ಟ್ ಅಂಥ ಓದು. ಅಂಥ ಓದುಗರು ಒಂದೆಡೆ ಸೇರಿದರೆ ಅದು ಶಾಲೆಯಾಗುತ್ತದೆ. ಈ ಎರಡು ಸಂಗತಿ ತಿಳಿದರೆ ಗೀಕ್ ಸಂಸ್ಕೃತಿಯ ಮಿಕ್ಕಿದ್ದೆಲ್ಲ, ಅದರ ವಿಚಿತ್ರ ಪದಗಳು, ಜಗಳಗಳು, ಅಲಿಖಿತ ನಿಯಮಗಳು, ಅರ್ಥವಾಗತೊಡಗುತ್ತವೆ.

ಗೀಕ್ ಎಂಬ ಪದವನ್ನೇ ನೋಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ಜಾತ್ರೆಗಳ ಪ್ರದರ್ಶನ ಡೇರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಕಚ್ಚಿ ತೋರಿಸುವ ನಿರ್ಗತಿಕನನ್ನು ಹಾಗೆ ಕರೆಯುತ್ತಿದ್ದರು. ಅದಕ್ಕಿಂತ ಕೀಳು ಬೈಗುಳ ಸಿಗುವುದು ಕಷ್ಟ. ಅದೇ ಪದ ಮುಂದೆ ಒಂದು ವಿಷಯದಲ್ಲಿ ಅತಿಯಾಗಿ ಮುಳುಗಿದವರಿಗೆ ಅಂಟಿಕೊಂಡಿತು. ಮುಳುಗಿದವರು ಅದನ್ನು ಎದೆಗೆ ಪದಕದಂತೆ ಚುಚ್ಚಿಕೊಂಡರು. ಜಪಾನಿನ ಒಟಾಕು ಎಂಬ ಪದಕ್ಕೂ ಹೆಚ್ಚುಕಡಿಮೆ ಇದೇ ಕಥೆ: 1983ರಲ್ಲಿ ಅಕಿಯೊ ನಕಾಮೊರಿ ಎಂಬ ಅಂಕಣಕಾರರು ಅಭಿಮಾನಿಗಳನ್ನು ಹೀಗಳೆಯಲು ಬಳಸಿದ್ದನ್ನು ಇಂದು ಜಗತ್ತಿನಾದ್ಯಂತ ಜನ ತಮ್ಮನ್ನು ಪರಿಚಯಿಸಿಕೊಳ್ಳಲು ಬಳಸುತ್ತಾರೆ.

ಅಂಚೆ, ಜಿಲೆಟಿನ್, ಮೇಣದ ಹಾಳೆ

ಅಂತರ್ಜಾಲ ಬಂದ ಮೇಲೆ ಅಭಿಮಾನಿಗಳ ಕೂಟಗಳು ಹುಟ್ಟಿದವು ಎಂಬ ಕಲ್ಪನೆ ತುಂಬ ಜನರಲ್ಲಿದೆ. ಅಂತರ್ಜಾಲ ಕೊಟ್ಟದ್ದು ವೇಗ ಮಾತ್ರ. ಕೂಟ ಹುಟ್ಟಿದ್ದು ಅಂಚೆಯಿಂದ.

1926ರ ಏಪ್ರಿಲ್‌ನಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ ಅಮೆರಿಕದಲ್ಲಿ ಅಮೇಜಿಂಗ್ ಸ್ಟೋರೀಸ್ ಎಂಬ ವಿಜ್ಞಾನ ಕಥೆಗಳ ಪತ್ರಿಕೆ ಶುರು ಮಾಡಿದರು. ಅದರ ಓದುಗರ ಪತ್ರಗಳ ವಿಭಾಗದಲ್ಲಿ ಪತ್ರದ ಜೊತೆಗೆ ಬರೆದವರ ಪೂರ್ತಿ ವಿಳಾಸವನ್ನೂ ಅಚ್ಚು ಹಾಕುತ್ತಿದ್ದರು. ದೂರದೂರದ ಊರುಗಳಲ್ಲಿ ಒಬ್ಬೊಬ್ಬರೇ ಓದುತ್ತ ಕೂತಿದ್ದ ಹುಡುಗ ಹುಡುಗಿಯರು ಸಂಪಾದಕರನ್ನು ಬಿಟ್ಟು ನೇರವಾಗಿ ಒಬ್ಬರಿಗೊಬ್ಬರು ಬರೆಯತೊಡಗಿದರು. ಪತ್ರಗಳಿಂದ ಸಂಘಗಳಾದವು, ಸಂಘಗಳಿಂದ ಕೈಯಾರೆ ಅಚ್ಚು ಹಾಕಿದ ಪುಟ್ಟ ಪತ್ರಿಕೆಗಳಾದವು. 1930ರ ಮೇ ತಿಂಗಳಲ್ಲಿ ಷಿಕಾಗೊದಿಂದ ಬಂದ ದಿ ಕಾಮೆಟ್ ಅಂಥದ್ದರಲ್ಲಿ ಮೊದಲನೆಯದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇವುಗಳಿಗೆ ಫ್ಯಾನ್‌ಝೈನ್ ಎಂಬ ಹೆಸರನ್ನು ರಸ್ ಶೋವನೆ ಕೊಟ್ಟದ್ದು 1940ರಲ್ಲಿ.

ಚಿತ್ರಕಾರಳಾಗಿ ನನಗೆ ತುಂಬ ಇಷ್ಟವಾಗುವುದು ಅವರ ಅಚ್ಚಿನ ಉಪಕರಣಗಳು. ಮೊದಲನೆಯದು ಹೆಕ್ಟೋಗ್ರಾಫ್. ಅಗಲ ತಟ್ಟೆಯಲ್ಲಿ ಹೆಪ್ಪುಗಟ್ಟಿದ ಜಿಲೆಟಿನ್. ಅನಿಲೀನ್ ಬಣ್ಣದ ವಿಶೇಷ ಪೆನ್ಸಿಲಿನಿಂದ ಹಾಳೆಯ ಮೇಲೆ ಬರೆದು ಆ ಜಿಲೆಟಿನ್ ಮೇಲೆ ಮಗುಚಿ ಒತ್ತಿದರೆ ಬಣ್ಣ ಕೆಳಗಿಳಿಯುತ್ತದೆ. ನಂತರ ಒಂದೊಂದೇ ಖಾಲಿ ಹಾಳೆಯನ್ನು ಒತ್ತಿ ಎತ್ತುತ್ತ ಹೋಗುವುದು. ಪ್ರತಿ ಪ್ರತಿಯೂ ಹಿಂದಿನದಕ್ಕಿಂತ ಕೊಂಚ ತೆಳು. ಐವತ್ತರ ಆಸುಪಾಸಿಗೆ ಬಣ್ಣ ಮುಗಿಯುತ್ತದೆ. ನೇರಳೆಯೇ ಹೆಚ್ಚು ಗಟ್ಟಿ ಬರುತ್ತಿದ್ದುದರಿಂದ ಆ ಕಾಲದ ಎಷ್ಟೋ ಪತ್ರಿಕೆಗಳು ನೇರಳೆ. ಆದರೆ ಬೇರೆ ಬೇರೆ ಬಣ್ಣದ ಪೆನ್ಸಿಲುಗಳಲ್ಲಿ ಬರೆದರೆ ಒಂದೇ ಒತ್ತಿನಲ್ಲಿ ಬಣ್ಣಬಣ್ಣದ ಚಿತ್ರ ಸಿಗುತ್ತಿತ್ತು. ದುಡ್ಡಿಲ್ಲದ ಹದಿಹರೆಯದವರ ಕೈಗೆ ಬಣ್ಣದ ಮುದ್ರಣ ಸಿಕ್ಕಿದ್ದು ಹಾಗೆ.

ಎರಡನೆಯದು ಮಿಮಿಯೋಗ್ರಾಫ್. ನಮ್ಮ ಹಿರಿಯರು ಸೈಕ್ಲೋಸ್ಟೈಲ್ ಎನ್ನುವುದು ಇಂಥ ಯಂತ್ರಕ್ಕೇ. ಇಲ್ಲಿ ಚಿತ್ರವನ್ನು ಮೇಣ ಸವರಿದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಕಡ್ಡಿಯಿಂದ ಗೀರಬೇಕು. ಗೀರಿದ ಕಡೆ ಮೇಣ ಹೋಗಿ ಶಾಯಿ ಹಾಯುತ್ತದೆ. ಜೋರಾಗಿ ಒತ್ತಿದರೆ ಹಾಳೆ ಹರಿಯುತ್ತದೆ. ಮೆತ್ತಗೆ ಒತ್ತಿದರೆ ಗೆರೆ ಮೂಡುವುದಿಲ್ಲ. ದೊಡ್ಡ ಕಪ್ಪು ಭಾಗ ತುಂಬುವ ಹಾಗಿಲ್ಲ, ಶಾಯಿ ಕಲಸಿಹೋಗುತ್ತದೆ. ಹೀಗಾಗಿ ನೆರಳನ್ನೆಲ್ಲ ಚುಕ್ಕೆ ಮತ್ತು ಓರೆಗೆರೆಗಳಲ್ಲೇ ಹೇಳಬೇಕಿತ್ತು. ಹಳೆಯ ಫ್ಯಾನ್‌ಝೈನ್ ಚಿತ್ರಗಳಲ್ಲಿ ಕಾಣುವ ಮಿತವಾದ, ಆತ್ಮವಿಶ್ವಾಸದ ಒಂಟಿ ಗೆರೆ ಎಲ್ಲಿಂದ ಬಂತು ಎಂದು ಬಹುಕಾಲ ಯೋಚಿಸುತ್ತಿದ್ದೆ. ಕಡ್ಡಿಯ ಭಯದಿಂದ ಬಂದದ್ದು. ಅಳಿಸಲಾಗದ ಕಡೆ ಕೈ ಎಚ್ಚರ ಕಲಿಯುತ್ತದೆ.

ಕ್ಲೀವ್‌ಲ್ಯಾಂಡ್‌ನ ಇಬ್ಬರು ಹುಡುಗರು ಇಂಥದೇ ಒಂದು ಪತ್ರಿಕೆ ನಡೆಸುತ್ತಿದ್ದರು. ಒಬ್ಬ ಬರೆಯುತ್ತಿದ್ದ, ಇನ್ನೊಬ್ಬ ಚಿತ್ರ ಹಾಕುತ್ತಿದ್ದ. 1933ರ ಜನವರಿಯ ಸಂಚಿಕೆಯಲ್ಲಿ ಅವರು ಒಂದು ಕಥೆ ಹಾಕಿದರು. ಅದರಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರಿನ ಬೋಳುತಲೆಯ ಖಳನಾಯಕನಿದ್ದ. ಇಬ್ಬರಿಗೂ ಆಗ ಹದಿನೆಂಟು ವರ್ಷ. ಆ ಹೆಸರನ್ನಿಟ್ಟುಕೊಂಡು, ಖಳನನ್ನು ನಾಯಕನಾಗಿಸಿ, ಮೈಗೆ ಮೇಲಂಗಿ ಹೊದಿಸಿ ಅವರು 1938ರಲ್ಲಿ ಮತ್ತೆ ಬಂದಾಗ ಸೂಪರ್‌ಹೀರೊ ಎಂಬ ಪ್ರಕಾರವೇ ಹುಟ್ಟಿಕೊಂಡಿತು. ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಅಭಿಮಾನಿಯ ಕೆಲಸ ಬೇರೆ, ನಿಜವಾದ ಕಲೆ ಬೇರೆ ಎಂದು ಯಾರಾದರೂ ಗೆರೆ ಎಳೆದಾಗ ನನಗೆ ಮೊದಲು ನೆನಪಾಗುವುದು ಆ ಬೋಳುತಲೆ. 1967ರಲ್ಲಿ ವಿಜ್ಞಾನ ಕಥಾಲೋಕದ ಹ್ಯೂಗೊ ಪ್ರಶಸ್ತಿಗೆ ಅತ್ಯುತ್ತಮ ಅಭಿಮಾನಿ ಚಿತ್ರಕಾರ ಎಂಬ ವಿಭಾಗ ಸೇರಿಸಿದಾಗಲೂ ಆ ಗೆರೆ ನಿಲ್ಲಲಿಲ್ಲ: ಮೊದಲ ವರ್ಷವೇ ಜ್ಯಾಕ್ ಗಾನ್ ಅಭಿಮಾನಿ ಮತ್ತು ವೃತ್ತಿಪರ ಎರಡೂ ಪ್ರಶಸ್ತಿಗಳನ್ನು ಗೆದ್ದರು.

ಜಪಾನಿನಲ್ಲಿ ಹೀಗೆ ತಾವೇ ಬರೆದು ತಾವೇ ಅಚ್ಚು ಹಾಕಿಸುವ ಪತ್ರಿಕೆಗಳಿಗೆ ಡೋಜಿನ್‌ಶಿ ಎಂದು ಹೆಸರು. 1975ರ ಡಿಸೆಂಬರ್ 21ರಂದು ಟೋಕಿಯೊದಲ್ಲಿ ಇವುಗಳ ಮೇಳವಾದ ಕಾಮಿಕ್ ಮಾರ್ಕೆಟ್, ಬಾಯಿಮಾತಿನಲ್ಲಿ ಕಾಮಿಕೆಟ್, ಮೊದಲ ಸಲ ನಡೆದಾಗ ಇದ್ದದ್ದು 32 ತಂಡಗಳು, ಬಂದದ್ದು ಸುಮಾರು 700 ಜನ. 2019ರ ಡಿಸೆಂಬರ್‌ನಲ್ಲಿ ನಾಲ್ಕು ದಿನಗಳಿಗೆ ಏಳೂವರೆ ಲಕ್ಷ. ಅಲ್ಲಿಯ ಒಂದು ತತ್ವ ನನಗೆ ಅಂಕಿಗಳಿಗಿಂತ ಮುಖ್ಯ. ಕಾಮಿಕೆಟ್‌ನಲ್ಲಿ ಗ್ರಾಹಕ ಎಂಬವನೇ ಇಲ್ಲ. ಮೇಜಿನ ಆಚೆ ಮಾರುವವರು, ಈಚೆ ಕೊಳ್ಳುವವರು, ಸಾಲು ನಿಲ್ಲಿಸುವ ಸ್ವಯಂಸೇವಕರು, ಎಲ್ಲರೂ ಭಾಗವಹಿಸುವವರು. ಕ್ಲ್ಯಾಂಪ್ ಎಂಬ ಪ್ರಸಿದ್ಧ ಮಾಂಗಾ (ಜಪಾನಿ ಕಾಮಿಕ್ಸ್) ಬಳಗ ವೃತ್ತಿಗಿಳಿಯುವ ಮೊದಲು ಡೋಜಿನ್‌ಶಿ ತಂಡವಾಗಿಯೇ ಇತ್ತು.

ಮೂಲಕಥೆ ಮತ್ತು ನನ್ನ ಕಥೆ

ಈ ಲೋಕಕ್ಕೆ ಹೊಸಬರು ಬಂದರೆ ಮೊದಲು ಎಡವುವುದು ಪದಗಳ ಮೇಲೆ. ಕ್ಯಾನನ್ ಎಂದರೆ ಮೂಲ ಕೃತಿಯಲ್ಲಿ ನಿಜವಾಗಿ ಇರುವುದು. ಹೆಡ್‌ಕ್ಯಾನನ್ ಎಂದರೆ ಮೂಲದಲ್ಲಿ ಹೇಳದೆ ಬಿಟ್ಟದ್ದನ್ನು ನಾನು ನನ್ನ ತಲೆಯಲ್ಲಿ ತುಂಬಿಕೊಂಡಿರುವುದು. ಎಯು ಎಂದರೆ ಮೂಲದ ಪಾತ್ರಗಳನ್ನು ಬೇರೆಯೇ ಲೋಕಕ್ಕೆ, ಬೇರೆಯೇ ಸನ್ನಿವೇಶಕ್ಕೆ ಎತ್ತಿ ಇಡುವುದು. ಓಸಿ ಎಂದರೆ ಆ ಲೋಕದೊಳಗೆ ನಾನೇ ಹುಟ್ಟಿಸಿ ಬಿಟ್ಟ ಹೊಸ ಪಾತ್ರ.

ಪದಗಳು ಹೊಸವು, ಕೆಲಸ ಹಳೆಯದು. ಹತ್ತನೇ ಶತಮಾನದಲ್ಲಿ ಪಂಪ ಭಾರತದ ಕಥೆ ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಆ ಅರ್ಜುನನೊಳಗೆ ತನ್ನ ದೊರೆ ಅರಿಕೇಸರಿಯನ್ನು ಕೂರಿಸಿದ. ಇಂದಿನ ಅಭಿಮಾನಿ ಲೋಕದ ಯಾರನ್ನು ಕೇಳಿದರೂ, ಇದು ಕ್ಯಾನನ್‌ನಿಂದ ಕವಲೊಡೆದ ಕಥೆ ಎಂದು ಥಟ್ಟನೆ ಗುರುತಿಸುತ್ತಾರೆ. ಪಂಪನನ್ನು ಯಾರೂ ನಕಲುಗಾರ ಎನ್ನುವುದಿಲ್ಲ. ಮೂಲವನ್ನು ಅಷ್ಟು ಆಳವಾಗಿ ಬಲ್ಲವನಿಗೆ ಮಾತ್ರ ಅದನ್ನು ಎಲ್ಲಿ ಬಗ್ಗಿಸಬಹುದು ಎಂದು ತಿಳಿದಿರುತ್ತದೆ. ನಾನು ಪಂಪನ ಸಾಲಿಗೆ ಸೇರಿದವಳು ಎಂದು ಹೇಳುತ್ತಿಲ್ಲ. ಕೆಲಸದ ಜಾತಿ ಒಂದೇ ಎನ್ನುತ್ತಿದ್ದೇನೆ.

ಮೂಲದಲ್ಲಿ ಇಲ್ಲದ್ದನ್ನು ಚಿತ್ರಕಾರರು ತುಂಬಿದಾಗ ಒಮ್ಮೊಮ್ಮೆ ಅದೇ ಮೂಲವಾಗಿಬಿಡುತ್ತದೆ. ಷರ್ಲಾಕ್ ಹೋಮ್ಸ್ ಎಂದರೆ ಹಿಂದೆ ಮುಂದೆ ಅಂಚಿರುವ, ಕಿವಿಮುಚ್ಚುವ ಡೀರ್‌ಸ್ಟಾಕರ್ ಟೋಪಿ ಕಣ್ಣಿಗೆ ಬರುತ್ತದಲ್ಲ, ಆ ಹೆಸರಿನ ಟೋಪಿಯನ್ನು ಕಾನನ್ ಡಾಯ್ಲ್ ಎಲ್ಲಿಯೂ ಬರೆಯಲಿಲ್ಲ. 1891ರಲ್ಲಿ ಸ್ಟ್ರ್ಯಾಂಡ್ ಪತ್ರಿಕೆಗಾಗಿ ಚಿತ್ರ ಬರೆಯುತ್ತಿದ್ದ ಸಿಡ್ನಿ ಪ್ಯಾಜೆಟ್ ಹಳ್ಳಿಯ ಕಡೆಗೆ ಹೊರಟ ಹೋಮ್ಸ್‌ಗೆ ಅದನ್ನು ತೊಡಿಸಿದರು. ಪ್ಯಾಜೆಟ್ ಹಣ ಪಡೆದು ಬರೆದ ಚಿತ್ರಕಾರ. ಒಬ್ಬ ಅಭಿಮಾನಿಯ ಗೆರೆಯೂ ಹೀಗೆ ಮೂಲಕ್ಕೆ ಸೇರಬಲ್ಲದು. 2007ರ ಆಗಸ್ಟ್ 31ರಂದು ಜಪಾನಿನ ಕ್ರಿಪ್ಟನ್ ಎಂಬ ಸಂಸ್ಥೆ ಹಾಡುವ ತಂತ್ರಾಂಶವೊಂದನ್ನು ಬಿಡುಗಡೆ ಮಾಡಿ, ಅದಕ್ಕೊಂದು ಮುಖ ಇರಲಿ ಎಂದು ಹಸಿರುನೀಲಿ ಜಡೆಗಳ ಹುಡುಗಿಯ ಚಿತ್ರ ಇಟ್ಟಿತು. ಹೆಸರು ಹಾತ್ಸುನೆ ಮಿಕು. ಕಥೆಯಿಲ್ಲ, ಮನೆಮಠವಿಲ್ಲ, ಸ್ವಭಾವವಿಲ್ಲ. ಕೆಲವೇ ದಿನಗಳಲ್ಲಿ ಅಭಿಮಾನಿಗಳು ಮಾಡಿದ ಪುಟ್ಟ ವಿಡಿಯೊ ಒಂದರಲ್ಲಿ ಅವಳು ಹಸಿರು ಈರುಳ್ಳಿಯ ದಂಟು ಬೀಸುತ್ತ ಹಾಡಿದಳು. ಆ ದಂಟು ಅವಳ ಕೈಬಿಡಲೇ ಇಲ್ಲ. ಅಧಿಕೃತ ಗೊಂಬೆಗಳಲ್ಲೂ ಸೇರಿಕೊಂಡಿತು. ಮಿಕು ಯಾರು ಎಂಬುದನ್ನು ಬಹುಪಾಲು ಕಟ್ಟಿದವರು ಅಭಿಮಾನಿಗಳೇ.

ಹಾಗಾದರೆ ಒಂದು ಪಾತ್ರದಲ್ಲಿ ಏನನ್ನು ಬದಲಿಸಿದರೂ ಅದು ಅದೇ ಪಾತ್ರವಾಗಿ ಉಳಿಯುತ್ತದೆ, ಯಾವುದನ್ನು ಮುಟ್ಟಿದರೆ ಕೆಡುತ್ತದೆ? ಫ್ಯಾನ್ ಆರ್ಟ್ ಬರೆಯುವವರು ದಿನವೂ ಎದುರಿಸುವ ಪ್ರಶ್ನೆಯಿದು. ಇದಕ್ಕೆ ನಾನು ಕಂಡ ಅತಿ ದೊಡ್ಡ ಬಹಿರಂಗ ಪಾಠ 2019ರ ಏಪ್ರಿಲ್ 30ರಂದು ನಡೆಯಿತು. ವಿಡಿಯೊ ಗೇಮ್‌ನ ಮುಳ್ಳುಮೈಯ ಪ್ರಾಣಿ ಸೋನಿಕ್‌ನ ಚಲನಚಿತ್ರದ ಮೊದಲ ಟ್ರೇಲರ್ ಬಂದ ದಿನ. 1991ರ ಗೇಮ್‌ನಲ್ಲಿ ನಾವೊತೊ ಓಶಿಮಾ ಬರೆದ ಸೋನಿಕ್‌ಗೆ ಎರಡು ಕಣ್ಣುಗಳ ಬಿಳಿ ಭಾಗ ಒಂದರೊಳಗೊಂದು ಸೇರಿಕೊಂಡಿತ್ತು, ದೊಡ್ಡ ತಲೆ, ಕಡ್ಡಿಯಂಥ ಕೈಕಾಲು, ಬಿಳಿ ಕೈಗವಸು. ಚಿತ್ರ ತಯಾರಕರು ಕಣ್ಣುಗಳನ್ನು ಬೇರ್ಪಡಿಸಿದ್ದರು, ಮನುಷ್ಯರ ಹಲ್ಲು ಕೊಟ್ಟಿದ್ದರು, ಕಾಲಿಗೆ ಮಾಂಸಖಂಡ ತುಂಬಿದ್ದರು. ನೀಲಿ ಬಣ್ಣ ಇತ್ತು, ಮುಳ್ಳುಗಳಿದ್ದವು, ಆದರೂ ಅದು ಸೋನಿಕ್ ಆಗಿರಲಿಲ್ಲ.

ಅಭಿಮಾನಿಗಳು ಬೈದು ಸುಮ್ಮನಾಗಲಿಲ್ಲ. ಗಂಟೆಗಳೊಳಗೆ ಚಿತ್ರಕಾರರು ಆ ಟ್ರೇಲರಿನ ದೃಶ್ಯಗಳ ಮೇಲೇ ತಿದ್ದಿ ಬರೆದು ತೋರಿಸಿದರು. ಒಬ್ಬರು ಕಣ್ಣು ಹತ್ತಿರ ತಂದರು, ಮತ್ತೊಬ್ಬರು ಹಲ್ಲು ತೆಗೆದರು, ಇನ್ನೊಬ್ಬರು ತಲೆ ದೊಡ್ಡದು ಮಾಡಿ ಕಾಲು ಸಣ್ಣ ಮಾಡಿದರು. ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಯಾವ ಯಾವ ಗೆರೆ ಸೋನಿಕ್‌ನ ಜೀವ ಎಂಬುದು ಬೆರಳು ಮಾಡಿ ತೋರಿಸಿದಷ್ಟು ಸ್ಪಷ್ಟವಾಗಿತ್ತು. ತಯಾರಕರು ಬಿಡುಗಡೆಯನ್ನು ನವೆಂಬರ್‌ನಿಂದ 2020ರ ಫೆಬ್ರವರಿಗೆ ಮುಂದೂಡಿ, ಸೋನಿಕ್ ಕಾಮಿಕ್ಸ್‌ಗಳಲ್ಲಿ ಕೆಲಸ ಮಾಡಿದ್ದ ಟೈಸನ್ ಹೆಸ್ಸೆ ಎಂಬ ಚಿತ್ರಕಾರರಿಗೆ ಮರುವಿನ್ಯಾಸದ ನೇತೃತ್ವ ಕೊಟ್ಟರು. ಕೋಪದ ನಡುವೆ ನಡೆದ ಆ ಸಾಮೂಹಿಕ ಓದನ್ನು ನಾನು ಇಂದಿಗೂ ಹೊಸಬರಿಗೆ ಉದಾಹರಣೆಯಾಗಿ ತೋರಿಸುತ್ತೇನೆ. ಕೋಪವನ್ನಲ್ಲ. ಕೋಪದಲ್ಲಿ ತಯಾರಕರನ್ನು ಹೀನಾಯವಾಗಿ ನಿಂದಿಸಿದವರೂ ಇದ್ದರು. ಅದನ್ನು ನಾನು ಸಮರ್ಥಿಸಲಾರೆ.

ಇದಕ್ಕೆ ತದ್ವಿರುದ್ಧ ಪಾಠ 2020ರ ಮೇ ತಿಂಗಳಲ್ಲಿ ಬಂತು. ಜನ ಮನೆಯೊಳಗೆ ಕೂತಿದ್ದ ಕಾಲ. ಸೈಲರ್ ಮೂನ್ ಅನಿಮೆಯ ಒಂದೇ ಒಂದು ಚೌಕಟ್ಟನ್ನು, ನಾಯಕಿಯ ಮುಖದ ಹತ್ತಿರದ ನೋಟವನ್ನು, ಜಗತ್ತಿನಾದ್ಯಂತ ಸಾವಿರಾರು ಚಿತ್ರಕಾರರು ತಂತಮ್ಮ ಶೈಲಿಯಲ್ಲಿ ಮತ್ತೆ ಬರೆದರು. ಒಬ್ಬರಲ್ಲಿ ದಟ್ಟ ಎಣ್ಣೆಬಣ್ಣ, ಒಬ್ಬರಲ್ಲಿ ಮೂರೇ ಗೆರೆ, ಒಬ್ಬರಲ್ಲಿ ಅವಳ ಮೈಬಣ್ಣ ಬೇರೆ, ಒಬ್ಬರಲ್ಲಿ ಅವಳು ಬೆಕ್ಕು. ಭಂಗಿ ಒಂದೇ, ಹಣೆಯ ಕಿರೀಟ ಒಂದೇ, ಜಡೆಯ ಗಂಟುಗಳು ಒಂದೇ. ಶೈಲಿ ಎಂದರೇನು ಎಂದು ಕಲಾ ತರಗತಿಯಲ್ಲಿ ಎಷ್ಟು ವಿವರಿಸಿದರೂ ಹತ್ತದ ಮಾತು ಆ ಚಿತ್ರಗಳನ್ನು ಐದು ನಿಮಿಷ ನೋಡಿದರೆ ಹತ್ತುತ್ತದೆ. ಇರಬೇಕಾದದ್ದನ್ನೆಲ್ಲ ಇಟ್ಟ ಮೇಲೂ ನಿಮ್ಮ ಕೈ ಸುಮ್ಮನಿರದೆ ಸೇರಿಸುವ ಸಂಗತಿಯೇ ಶೈಲಿ.

ಕೆಂಪು ಗೆರೆಯ ಶಾಲೆ

ನಾನು ಕಲಿತದ್ದು ಇಂಥ ಕೂಟಗಳಲ್ಲೇ. ಚಿತ್ರ ಹಂಚಿಕೊಳ್ಳುವ ತಾಣಗಳಲ್ಲಿ ಡೀವಿಯಂಟ್‌ಆರ್ಟ್ 2000ದಲ್ಲಿ ಶುರುವಾಯಿತು, ಜಪಾನಿನ ಪಿಕ್ಸಿವ್ 2007ರಲ್ಲಿ. ಹೆಸರುಗಳು ಬದಲಾದರೂ ಒಳಗಿನ ಪದ್ಧತಿಗಳು ಆಶ್ಚರ್ಯವಾಗುವಷ್ಟು ಒಂದೇ ಬಗೆ. ಅದರಲ್ಲಿ ರೆಡ್‌ಲೈನ್ ಎಂಬುದೊಂದಿದೆ. ನಿಮ್ಮ ಚಿತ್ರದ ಮೇಲೆ ಅನುಭವಸ್ಥರೊಬ್ಬರು ಪಾರದರ್ಶಕ ಪದರ ಇಟ್ಟು ಕೆಂಪು ಗೆರೆಯಲ್ಲಿ ತಿದ್ದುಪಡಿ ಬರೆದು ಕಳಿಸುತ್ತಾರೆ. ಕೇಳಿದರೆ ಮಾತ್ರ, ಕೇಳದೆ ಮಾಡುವುದು ಒರಟುತನ ಎಂಬ ನಿಯಮ ಎಲ್ಲ ಕಡೆ ಇದೆ.

ನಾನು ಕೇಳಿದ್ದೆ. ಜಿಗಿಯುತ್ತಿರುವ ಪಾತ್ರವೊಂದರ ಚಿತ್ರ, ಏನು ಮಾಡಿದರೂ ಕಾಗದಕ್ಕೆ ಅಂಟಿಕೊಂಡಂತೆ ಕಾಣುತ್ತಿತ್ತು. ಮುಖ ಗೊತ್ತಿಲ್ಲದ ಯಾರೋ ಒಬ್ಬರು ಅದರ ಮೇಲೆ ಎರಡೇ ಗೆರೆ ಎಳೆದು ಕಳಿಸಿದರು: ಒಂದು ಎರಡೂ ಭುಜಗಳನ್ನು ಸೇರಿಸುವ ಗೆರೆ, ಇನ್ನೊಂದು ಸೊಂಟದ ಗೆರೆ. ನನ್ನ ಚಿತ್ರದಲ್ಲಿ ಅವೆರಡೂ ಸಮಾಂತರವಾಗಿದ್ದವು. ಅವರ ತಿದ್ದುಪಡಿಯಲ್ಲಿ ಒಂದು ಬಲಕ್ಕೆ ವಾಲಿತ್ತು, ಒಂದು ಎಡಕ್ಕೆ. ಅಷ್ಟೇ. ಮೈಯಲ್ಲಿ ತಿರುವು ಬಂತು, ಪಾತ್ರ ನೆಲ ಬಿಟ್ಟಿತು. ಆ ಎರಡು ಗೆರೆ ಇಲ್ಲದೆ ನಾನು ಇವತ್ತಿಗೂ ಒಂದು ಆಕೃತಿಯನ್ನೂ ಶುರು ಮಾಡುವುದಿಲ್ಲ. ಅವರ ಹೆಸರು ನನಗೆ ತಿಳಿಯಲೇ ಇಲ್ಲ.

ಹಣವಿಲ್ಲದೆ ಹೀಗೆ ಸಮಯ ಕೊಡುವವರು ಯಾಕೆ ಕೊಡುತ್ತಾರೆ? ಈ ಕೂಟಗಳು ನಡೆಯುವುದೇ ಕೊಡುಗೆಯ ಲೆಕ್ಕದಲ್ಲಿ. ಹುಟ್ಟುಹಬ್ಬಕ್ಕೆ ಗೆಳತಿಯ ಓಸಿಯನ್ನು ಬರೆದು ಕೊಡುತ್ತೇವೆ. ಆರ್ಟ್ ಟ್ರೇಡ್ ಎಂದರೆ ನಾನು ನಿನ್ನ ಪಾತ್ರ, ನೀನು ನನ್ನ ಪಾತ್ರ. ಬಿಗ್ ಬ್ಯಾಂಗ್ ಎಂಬ ಕಾರ್ಯಕ್ರಮದಲ್ಲಿ ಅಭಿಮಾನಿ ಲೇಖಕರು ನೀಳ್ಗತೆ ಬರೆಯುತ್ತಾರೆ, ಒಬ್ಬೊಬ್ಬರಿಗೆ ಒಬ್ಬ ಚಿತ್ರಕಾರರು ಜೊತೆಯಾಗುತ್ತಾರೆ. ಕಥೆಯೂ ಚಿತ್ರವೂ ಜೊತೆಯಾಗಿ ಪ್ರಕಟವಾಗುತ್ತವೆ. ಇಲ್ಲಿ ಪಡೆದದ್ದನ್ನು ಕೊಟ್ಟವರಿಗೇ ತೀರಿಸಬೇಕೆಂದಿಲ್ಲ. ಮುಂದೆ ಬರುವ ಯಾರಿಗೋ ಕೊಟ್ಟರೆ ಸಾಕು.

ಕೊಡುಗೆಯ ಲೋಕದಲ್ಲಿ ಹೆಸರೇ ನಾಣ್ಯ. ಇದು ಗೊತ್ತಾದರೆ ರಿಪೋಸ್ಟ್ ಎಂಬ ಪದಕ್ಕೆ ಚಿತ್ರಕಾರರು ಯಾಕೆ ಅಷ್ಟು ಉರಿದು ಬೀಳುತ್ತಾರೆ ಎಂಬುದೂ ತಿಳಿಯುತ್ತದೆ. ಹಂಚಿಕೊಳ್ಳುವ ಗುಂಡಿ ಒತ್ತಿದರೆ ಚಿತ್ರದ ಜೊತೆ ಚಿತ್ರಕಾರರ ದಾರವೂ ಹೋಗುತ್ತದೆ. ಚಿತ್ರವನ್ನು ಇಳಿಸಿಕೊಂಡು, ಸಹಿ ಕತ್ತರಿಸಿ, ತಮ್ಮ ಖಾತೆಯಿಂದ ಹಾಕಿದರೆ ದಾರ ಕಡಿಯುತ್ತದೆ. ಕೃಪೆ: ಅಂತರ್ಜಾಲ ಎಂದು ಕೆಳಗೆ ಬರೆದರೆ ಅದು ಕೃತಜ್ಞತೆಯಲ್ಲ.

ಟ್ರೇಸಿಂಗ್ ಮತ್ತು ರೆಫರೆನ್ಸ್‌ಗಳ ನಡುವಿನ ಅಂತರವೂ ಹೊರಗಿನವರಿಗೆ ಗೊಂದಲ. ಕೈ ಮಡಚಿದಾಗ ಮೊಣಕೈ ಹೇಗೆ ಕಾಣುತ್ತದೆ ಎಂದು ಫೋಟೊ ನೋಡಿ ತಿಳಿದುಕೊಂಡು ಬರೆಯುವುದು ರೆಫರೆನ್ಸ್. ಅದಿಲ್ಲದೆ ಯಾರೂ ಬರೆಯುವುದಿಲ್ಲ, ಬರೆಯಬಾರದು ಕೂಡ. ಇನ್ನೊಬ್ಬರ ಗೆರೆಯ ಮೇಲೇ ಗೆರೆ ಎಳೆಯುವುದು ಟ್ರೇಸಿಂಗ್. ಕಲಿಯಲು ಮನೆಯಲ್ಲಿ ಮಾಡಿ, ತುಂಬ ಕಲಿಯುತ್ತೀರಿ. ತನ್ನದೆಂದು ಹೊರಗಿಟ್ಟಾಗ ಮಾತ್ರ ತಪ್ಪಾಗುತ್ತದೆ.

ಕಾನೂನಿನ ಬೂದು ಪಟ್ಟಿ

ಇಷ್ಟೆಲ್ಲ ಹೇಳಿದ ಮೇಲೆ ನೇರ ಪ್ರಶ್ನೆ: ಇದು ಕಾನೂನುಬದ್ಧವೇ? ಕೃತಿಸ್ವಾಮ್ಯ ಬರೀ ಕಲ್ಪನೆಯನ್ನು ಕಾಯುವುದಿಲ್ಲ, ಅದರ ಅಭಿವ್ಯಕ್ತಿಯನ್ನು ಕಾಯುತ್ತದೆ. ಹಾರುವ ವೀರ ಎಂಬ ಕಲ್ಪನೆ ಯಾರದೂ ಅಲ್ಲ. ನಿರ್ದಿಷ್ಟ ವೇಷ, ಹೆಸರು, ಸ್ವಭಾವವುಳ್ಳ ವೀರ ಒಬ್ಬರ ಸ್ವತ್ತು. ಆ ಪಾತ್ರವನ್ನು ಆಧರಿಸಿ ಹೊಸ ಕೃತಿ ಮಾಡುವ ಹಕ್ಕೂ ಒಡೆಯರದೇ. ಹೀಗೆ ನೋಡಿದರೆ ಬಹುಪಾಲು ಫ್ಯಾನ್ ಆರ್ಟ್ ಒಡೆಯರ ಸಹನೆಯ ನೆರಳಿನಲ್ಲಿ ಬದುಕುತ್ತಿದೆ. ಅವರು ಸಹಿಸುತ್ತಾರೆ, ಯಾಕೆಂದರೆ ತಮ್ಮ ಪಾತ್ರವನ್ನು ಇಷ್ಟು ಪ್ರೀತಿಯಿಂದ ಜೀವಂತವಾಗಿಡುವವರ ಮೇಲೆ ಮೊಕದ್ದಮೆ ಹೂಡುವುದರಲ್ಲಿ ನಷ್ಟವೇ ಹೆಚ್ಚು.

ಅಮೆರಿಕದಲ್ಲಿ ನ್ಯಾಯಸಮ್ಮತ ಬಳಕೆ ಎಂಬ ವಿನಾಯಿತಿ ಇದೆ. ಬಳಕೆಯ ಉದ್ದೇಶ, ಮೂಲದ ಸ್ವರೂಪ, ಎಷ್ಟು ತೆಗೆದುಕೊಂಡರು, ಮೂಲದ ಮಾರುಕಟ್ಟೆಗೆ ಪೆಟ್ಟು ಬಿತ್ತೇ, ಈ ನಾಲ್ಕನ್ನು ನ್ಯಾಯಾಲಯ ತೂಗುತ್ತದೆ. ಮೂಲವನ್ನು ಸಾಕಷ್ಟು ಬದಲಿಸಿದರೆ ಸಾಕು ಎಂಬ ನಂಬಿಕೆ ಚಿತ್ರಕಾರರಲ್ಲಿ ಬೇರೂರಿತ್ತು. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಅಲುಗಾಡಿಸಿತು. ಗಾಯಕ ಪ್ರಿನ್ಸ್‌ನ ಫೋಟೊವನ್ನು 1981ರಲ್ಲಿ ತೆಗೆದವರು ಲಿನ್ ಗೋಲ್ಡ್‌ಸ್ಮಿತ್. ಅದನ್ನು ಆಧರಿಸಿ ಆ್ಯಂಡಿ ವಾರ್ಹಾಲ್ ತಮ್ಮ ಎಂದಿನ ಬಣ್ಣಗಳಲ್ಲಿ ಚಿತ್ರಮಾಲೆ ಮಾಡಿದ್ದರು. ಅದರಲ್ಲೊಂದನ್ನು 2016ರಲ್ಲಿ ಪತ್ರಿಕೆಯ ಮುಖಪುಟಕ್ಕೆ ಹಣ ಪಡೆದು ಕೊಟ್ಟಾಗ ವ್ಯಾಜ್ಯವೆದ್ದಿತು. ಫೋಟೊ ಯಾವ ಉದ್ದೇಶಕ್ಕೆ ಮಾರಾಟವಾಗುತ್ತದೋ ಅದೇ ಉದ್ದೇಶಕ್ಕೆ ಚಿತ್ರವೂ ಮಾರಾಟವಾಯಿತು, ಶೈಲಿ ಹೊಸದೆಂಬುದೊಂದೇ ರಕ್ಷಣೆಯಾಗದು ಎಂದು ಏಳು ನ್ಯಾಯಮೂರ್ತಿಗಳು ಗೋಲ್ಡ್‌ಸ್ಮಿತ್ ಪರ ನಿಂತರು, ಇಬ್ಬರು ಒಪ್ಪಲಿಲ್ಲ. ವಾರ್ಹಾಲ್‌ನಂಥ ಹೆಸರಿಗೇ ಸಿಗದ ರಕ್ಷಣೆ ಅಭಿಮಾನಿಯ ಸ್ಟಿಕರ್‌ಗೆ ಸಿಗುತ್ತದೆಂದು ಎಣಿಸುವುದು ಜಾಣತನವಲ್ಲ. ಗೋಡೆಗೆ ಬರೆದು ಅಂಟಿಸಿಕೊಂಡರೆ ಯಾರೂ ಬರುವುದಿಲ್ಲ. ಅಚ್ಚು ಹಾಕಿಸಿ ಮಾರುವಾಗ ಒಡೆಯರ ಮಾರ್ಗಸೂಚಿ ಓದಲೇಬೇಕು.

ನನಗೆ ಮೆಚ್ಚುಗೆಯಾದದ್ದು ಜಪಾನಿನಲ್ಲಿ ನಡೆದ ಎರಡು ಪ್ರಯತ್ನ. 2013ರಲ್ಲಿ ಮಾಂಗಾ ಕಲಾವಿದ ಕೆನ್ ಅಕಾಮಾತ್ಸು ಮುಂದೆ ನಿಂತು ಡೋಜಿನ್ ಮಾರ್ಕ್ ಎಂಬ ಮುದ್ರೆ ತಂದರು. ಲೇಖಕರು ತಮ್ಮ ಕೃತಿಯ ಮೇಲೆ ಅದನ್ನು ಹಾಕಿದರೆ, ಅಭಿಮಾನಿಗಳು ಅದನ್ನಾಧರಿಸಿ ಡೋಜಿನ್‌ಶಿ ಮಾಡಿ ಮೇಳಗಳಲ್ಲಿ ಮಾರಲು ಮೊದಲೇ ಅನುಮತಿ ಕೊಟ್ಟಂತೆ. ಇನ್ನೊಂದು ಮಿಕುವಿನದು: ಕ್ರಿಪ್ಟನ್ ಅವಳ ಚಿತ್ರವನ್ನು ವ್ಯಾಪಾರೇತರ ಬಳಕೆಗೆ ಪರವಾನಗಿಯ ಮೂಲಕವೇ ತೆರೆದಿಟ್ಟಿತು. ಸಹನೆಯ ಜಾಗದಲ್ಲಿ ಲಿಖಿತ ಒಪ್ಪಿಗೆ ಬಂದರೆ ಎರಡೂ ಕಡೆಯವರು ನಿರಾಳ.

ಕೃತಕ ಬುದ್ಧಿಮತ್ತೆಯ ಚಿತ್ರಗಳ ಬಗ್ಗೆ ಒಂದೇ ಮಾತು ಹೇಳುತ್ತೇನೆ. 2022ರ ಡಿಸೆಂಬರ್‌ನಲ್ಲಿ ಆರ್ಟ್‌ಸ್ಟೇಷನ್ ತಾಣದ ಮುಖಪುಟವನ್ನು ಚಿತ್ರಕಾರರು ಪ್ರತಿಭಟನೆಯ ಚಿತ್ರಗಳಿಂದ ತುಂಬಿದರು. ಮರುವರ್ಷ ಷಿಕಾಗೊ ವಿಶ್ವವಿದ್ಯಾಲಯದ ತಂಡ ಯಂತ್ರಗಳು ಚಿತ್ರಕಾರರ ಶೈಲಿಯನ್ನು ಅನುಕರಿಸದಂತೆ ತಡೆಯಲು ಗ್ಲೇಝ್ ಎಂಬ ಸಾಧನ ಕೊಟ್ಟಿತು. ಕಾನೂನಿನ ವಾದ ಮುಗಿದಿಲ್ಲ. ನನ್ನ ತಕರಾರು ಸರಳ. ಸ್ಪೈಡರ್‌ಮ್ಯಾನ್‌ನ ಬಲೆ ಎಲ್ಲಿಂದ ಹೊರಡುತ್ತದೆ ಎಂಬ ಪ್ರಶ್ನೆ ನನ್ನ ಕೈ ನಿಂತಾಗ ಹುಟ್ಟಿತು. ಯಂತ್ರ ಚಿತ್ರ ಕೊಟ್ಟಿದ್ದರೆ ಕೈ ನಿಲ್ಲುತ್ತಲೇ ಇರಲಿಲ್ಲ.

ಚಿತ್ರಗಳು ಎಲ್ಲಿಗೆ ಹೋಗುತ್ತವೆ

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಚಿತ್ರಗಳು ಕಾಣೆಯಾಗುವುದು. ಯಾರು ಬೇಕಾದರೂ ಪುಟ ಕಟ್ಟಿಕೊಳ್ಳಬಹುದಾಗಿದ್ದ ಜಿಯೋಸಿಟೀಸ್ ತಾಣ 2009ರ ಅಕ್ಟೋಬರ್‌ನಲ್ಲಿ ಮುಚ್ಚಿದಾಗ ಅಭಿಮಾನಿಗಳು ಪ್ರೀತಿಯಿಂದ ಕಟ್ಟಿದ್ದ ಲೆಕ್ಕವಿಲ್ಲದಷ್ಟು ಪುಟಗಳು ಹೋದವು. 2018ರ ಡಿಸೆಂಬರ್‌ನಲ್ಲಿ ಟಂಬ್ಲರ್ ಎಂಬ ತಾಣ ವಯಸ್ಕರ ಚಿತ್ರಗಳನ್ನು ನಿಷೇಧಿಸಿದಾಗ ಅದರ ಯಂತ್ರ ನಿರಪರಾಧಿ ಚಿತ್ರಗಳನ್ನೂ ಮರೆಮಾಡಿತು, ಕೂಟಗಳು ಚದುರಿದವು. ಬಾಡಿಗೆ ನೆಲದ ಮೇಲೆ ಕಟ್ಟಿದ ಮನೆಯ ಪಾಡು ಇದು. ಈ ಅಪಾಯ ಮೊದಲೇ ಕಂಡ ಅಭಿಮಾನಿಗಳು 2007ರಲ್ಲಿ ಆರ್ಗನೈಸೇಷನ್ ಫಾರ್ ಟ್ರಾನ್ಸ್‌ಫಾರ್ಮೇಟಿವ್ ವರ್ಕ್ಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿ, 2009ರಲ್ಲಿ ಆರ್ಕೈವ್ ಆಫ್ ಅವರ್ ಓನ್ ಎಂಬ ಸಂಗ್ರಹ ತೆರೆದರು. ಸರ್ವರ್ ನಮ್ಮದೇ ಆಗಿರಬೇಕು ಎಂಬುದು ಅವರ ಹಟ. 2019ರಲ್ಲಿ ಅದಕ್ಕೂ ಹ್ಯೂಗೊ ಬಂತು. ಅದೇ ಸಂಸ್ಥೆಯ ಓಪನ್ ಡೋರ್ಸ್ ಯೋಜನೆ ಮುಚ್ಚುತ್ತಿರುವ ಹಳೆಯ ಸಂಗ್ರಹಗಳನ್ನು ಹುಡುಕಿ, ಒಡೆಯರೊಂದಿಗೆ ಮಾತಾಡಿ, ಕೃತಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸುತ್ತದೆ. ಪ್ರಯಾಸದ, ಯಾರ ಕಣ್ಣಿಗೂ ಬೀಳದ ಕೆಲಸ, ಮಾಡುವವರು ಸ್ವಯಂಸೇವಕರು.

ಕಾಗದದ ಕಾಲದ್ದನ್ನೂ ಕಾಯುವವರಿದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ರಸ್ಟಿ ಹೆವೆಲಿನ್ ಎಂಬ ಅಭಿಮಾನಿ ಜೀವನವಿಡೀ ಕೂಡಿಟ್ಟ ಸಾವಿರಾರು ಫ್ಯಾನ್‌ಝೈನ್‌ಗಳಿವೆ. ಅವುಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುವ ಕೆಲಸವನ್ನು ಅಲ್ಲಿ ಕೈಗೆತ್ತಿಕೊಂಡರು. ಹೆಕ್ಟೋಗ್ರಾಫಿನ ಪ್ರತಿಗಳ ವಿಷಯದಲ್ಲಿ ಅವಸರ ಎಲ್ಲಕ್ಕಿಂತ ಹೆಚ್ಚು. ಅನಿಲೀನ್ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಐವತ್ತು ಜನರಿಗಾಗಿ ಯಾರೋ ತಟ್ಟೆಯ ಮೇಲೆ ಒತ್ತಿ ಎತ್ತಿದ ಆ ನೇರಳೆ ರಾಕೆಟ್ಟುಗಳು, ರೋಬೊಟ್‌ಗಳು ಪುಟ ತೆರೆದು ನೋಡಿದಷ್ಟೂ ಮಾಸುತ್ತ ಹೋಗುತ್ತವೆ.